ಬೀದಿಯವರ ಹಂಡೆ

ದೀಪಾವಳಿ ಯಾವತ್ತು ಶುರುವಾಗುತ್ತದೆ ಅನ್ನುವ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಮಗಳ ಪ್ರಕಾರ ಮೊಬೈಲಿನಲ್ಲಿ ಬಟ್ಟೆಯಂಗಡಿಗಳ ರಿಯಾಯಿತಿ ಜಾಹೀರಾತು ಕಾಣಿಸಿದ ದಿನವೇ ಶುರು. ಆ ಲೆಕ್ಕ ಹಿಡಿದರೆ ದಸರಾ ಗೊಂಬೆಗಳು ಪೆಟ್ಟಿಗೆ ಸೇರುವ ಮೊದಲೇ ದೀಪಾವಳಿ ಬಂದು ಹೊಸ್ತಿಲಲ್ಲಿ ನಿಂತಿರುತ್ತದೆ. ಹೆಂಡತಿಗೆ ಬೀದಿಕೊನೆಯ ಅಂಗಡಿಯ ಹಬ್ಬದ ಚೀಟಿ ಕೈಸೇರಿದಾಗ ಶುರು. ವರ್ಷವಿಡೀ ತಿಂಗಳಿಗಿಷ್ಟು ಅಂತ ಕಟ್ಟಿ, ಕೊನೆಗೆ ಒಂದು ಡಬ್ಬ ಸಿಹಿ, ಒಂದು ಪೆಟ್ಟಿಗೆ ಪಟಾಕಿ, ಯಾರಿಗೂ ಬೇಡದ ಅಳತೆಯ ಒಂದು ಸ್ಟೀಲ್ ಪಾತ್ರೆ ತರುವ ವ್ಯವಹಾರ ಅದು. ಅದರಲ್ಲಿ ಲಾಭವೋ ನಷ್ಟವೋ ಅಂತ ಒಮ್ಮೆ ಲೆಕ್ಕ ಹಾಕಲು ಕೂತವನನ್ನು ಹಬ್ಬದ ಹೊತ್ತಿನಲ್ಲಿ ಅಪಶಕುನ ನುಡಿಯಬೇಡಿ ಎಂದು ಎಬ್ಬಿಸಿದ್ದರು. ನನಗೆ ಪತ್ರಿಕೆಗಳ ವಿಶೇಷಾಂಕ ಬಂದಾಗಲೇ ದೀಪಾವಳಿ. ಓದದಿದ್ದರೂ ಟೀಪಾಯಿ ಮೇಲೆ ದಪ್ಪಗೆ ಬಿದ್ದಿರಬೇಕು, ಮನೆಗೊಂದು ಗಾಂಭೀರ್ಯ.

ಅಮ್ಮ ಮಾತ್ರ ಇದ್ಯಾವುದನ್ನೂ ಒಪ್ಪುವವಳಲ್ಲ. ಅವಳ ದೀಪಾವಳಿ ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ಬಚ್ಚಲುಮನೆಯಲ್ಲಿ, ಹಂಡೆಗೆ ನೀರು ಬೀಳುವ ಸದ್ದಿನೊಂದಿಗೆ ಶುರುವಾಗಬೇಕು. ನೀರು ತುಂಬುವ ಹಬ್ಬ. ಹೊಸ ಬಟ್ಟೆ, ಲಕ್ಷ್ಮೀಪೂಜೆ, ಕಜ್ಜಾಯ, ಪಟಾಕಿ ಎಲ್ಲ ಆಮೇಲೆ. ಹಂಡೆ, ಬಿಂದಿಗೆ, ಕೊಳಗಗಳನ್ನೆಲ್ಲ ತಿಕ್ಕಿ ಬೆಳಗಿ, ಒಲೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹಂಡೆಯ ಕೊರಳಿಗೆ ಹೂವಿನ ಸರ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಕಂಠಮಟ್ಟ ನೀರು ತುಂಬಿ ಗಂಗೆಪೂಜೆ. ಮರುದಿನ ನಸುಕಿನಲ್ಲಿ ಅದೇ ನೀರು ಕಾದು ಮನೆಮಂದಿಯ ತಲೆ ಮೇಲೆ. ಇದಕ್ಕೆಲ್ಲ ಕಾರಣಪುರುಷ ನರಕಾಸುರ. ಭೂದೇವಿಯ ಮಗನಾಗಿ ಹುಟ್ಟಿ, ಮಾಡಬಾರದ್ದನ್ನೆಲ್ಲ ಮಾಡಿ, ಕೃಷ್ಣನ ಕೈಯಲ್ಲಿ ಸಾಯುವಾಗ ಅವನು ಬೇಡಿಕೊಂಡಿದ್ದು, ತಾನು ಸತ್ತ ದಿನ ಜನ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡು ಸುಖವಾಗಿರಲಿ ಎಂದು. ಹಾಗೆ ಬೇಡಿದವಳು ಅವನ ತಾಯಿ ಅಂತಲೂ ಹೇಳುವವರಿದ್ದಾರೆ. ಯಾರೇ ಕೇಳಿರಲಿ, ಅಸುರರ ಕೊನೆಯಾಸೆಗಳಲ್ಲಿ ಇಷ್ಟು ಗೃಹಸ್ಥಬುದ್ಧಿಯದು ಇನ್ನೊಂದು ನನಗೆ ಕಂಡಿಲ್ಲ.

ನಮ್ಮ ಹಂಡೆಯ ವಿಷಯ ಸ್ವಲ್ಪ ಹೇಳಬೇಕು. ಅದು ತಾಮ್ರದ್ದು, ಹಾಸನದ ಕಡೆಯ ನಮ್ಮ ಹಳೇ ಮನೆಯದು. ಕೊರಳಿನ ಸುತ್ತ ಚುಕ್ಕಿ ಚುಕ್ಕಿಯಾಗಿ ತಾತನ ಹೆಸರು ಕೆತ್ತಿದೆ. ಕೆತ್ತಿದವನು ಒತ್ತಕ್ಷರಗಳಲ್ಲಿ ಅಷ್ಟು ನಂಬಿಕೆ ಇಟ್ಟವನಲ್ಲವಾದ್ದರಿಂದ ತಾತನ ಹೆಸರು ಹಂಡೆಯ ಮೇಲೆ ಬೇರೆಯವರ ಹೆಸರಾಗಿದೆ. ಬೆಂಗಳೂರಿಗೆ ಬಂದು ಸೋಲಾರ್ ಹಾಕಿಸಿದ ಮೇಲೆ ಹಂಡೆಗೆ ಕೆಲಸವಿಲ್ಲ. ಇಂಥ ನಿವೃತ್ತ ಹಂಡೆಗಳು ಈಚೆಗೆ ಸಿರಿವಂತರ ಹಜಾರಗಳಲ್ಲಿ ಕೊಡೆ ನಿಲ್ಲಿಸುವ, ಬಿದಿರು ಗಿಡ ಬೆಳೆಸುವ ಹುದ್ದೆಗೆ ಸೇರಿಕೊಂಡಿವೆ. ನಮ್ಮ ಹಂಡೆಗೂ ಅಂಥದೊಂದು ಅವಕಾಶ ಕೊಡಿಸಲು ಮಗಳು ಪ್ರಯತ್ನಿಸಿದ್ದಳು. ಅಮ್ಮ ಒಪ್ಪಲಿಲ್ಲ. ವರ್ಷಪೂರ್ತಿ ಅದು ಮಹಡಿಮೆಟ್ಟಿಲ ಕೆಳಗೆ ಹಳೇ ಪೇಪರು ತುಂಬಿಕೊಂಡು ಕೂತಿರುತ್ತದೆ. ತ್ರಯೋದಶಿಯಂದು ಮಾತ್ರ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿಸಿಕೊಂಡು, ಬಚ್ಚಲಿಗೆ ಬಂದು, ನಲ್ಲಿ ನೀರು ತುಂಬಿಸಿಕೊಂಡು, ಪೂಜೆಗೊಳ್ಳುತ್ತದೆ. ಮರುದಿನ ನಾವು ಸೋಲಾರ್ ನೀರಿನಲ್ಲೇ ಸ್ನಾನ ಮಾಡುತ್ತೇವೆ. ಹಂಡೆಯಿಂದ ತಲಾ ಒಂದು ಚೆಂಬು ಶಾಸ್ತ್ರಕ್ಕೆ.

2024ರ ದೀಪಾವಳಿಗೆ ಕ್ಯಾಲೆಂಡರೇ ಬೆಂಗಳೂರಿಗರ ಪರವಾಗಿ ನಿಂತಿತ್ತು. ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ. ಶುಕ್ರವಾರ ರಾಜ್ಯೋತ್ಸವ. ಶನಿವಾರ ಬಲಿಪಾಡ್ಯಮಿ. ಭಾನುವಾರ ಹೇಗೂ ಭಾನುವಾರ. ನಾಲ್ಕು ರಜೆ ಕೈಕೈ ಹಿಡಿದು ಬಂದರೆ ಈ ಊರಿನಲ್ಲಿ ಉಳಿಯುವವರು ಯಾರು? ಬುಧವಾರ ಮಧ್ಯಾಹ್ನದಿಂದಲೇ ತುಮಕೂರು ರಸ್ತೆ, ಮೈಸೂರು ರಸ್ತೆಗಳಲ್ಲಿ ಕಾರುಗಳು ನಿಂತಲ್ಲೇ ನಿಂತು ಹಬ್ಬ ಶುರು ಮಾಡಿದ್ದವು. ನನ್ನ ತಮ್ಮ ಚಿಕ್ಕಮಗಳೂರಿನ ಕಡೆ ಒಂದು ಹೋಂಸ್ಟೇ ನೋಡಿಟ್ಟಿದ್ದ. ಎರಡೂ ಸಂಸಾರ, ಅಮ್ಮನೂ ಸೇರಿ. ಅಲ್ಲಿ ಬಿಸಿನೀರು, ಊಟ, ಶಿಬಿರಾಗ್ನಿ, ಎಲ್ಲವೂ ಅವರದೇ. ಮಕ್ಕಳು ಕುಣಿದಾಡಿದರು. ಅಮ್ಮ ಹಾಸಿಗೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತದೆ, "ಹೋಗ್ಬನ್ನಿ. ಹಬ್ಬದ ದಿನ ಮನೆಗೆ ಬೀಗ ಹಾಕಬಾರದು. ನಾನಿರ್ತೀನಿ" ಎಂದಳು. ಎಂಬತ್ತು ದಾಟಿದವರು ಹೀಗೆ ಧಾರಾಳವಾಗಿ ಅನುಮತಿ ಕೊಟ್ಟರೆ ಅದರ ಅರ್ಥ ಏನೆಂದು ಎಲ್ಲ ಮಕ್ಕಳಿಗೂ ಗೊತ್ತು. ತಮ್ಮ ಮುಂಗಡ ವಾಪಸು ಬರುತ್ತದೆಯೇ ಎಂದು ವಿಚಾರಿಸಿದ. ಬರಲಿಲ್ಲ. ಹಬ್ಬಕ್ಕೆ ಇಲ್ಲಿಗೇ ಬರುವುದೆಂದಾಯಿತು.

ಬುಧವಾರ ಸಂಜೆ ಮಗಳು ಹಂಡೆ ಬೆಳಗಿ, ಕನ್ನಡಿಯಾಗಿಸಿ, ಅದರಲ್ಲಿ ತನ್ನ ಮುಖದ ಫೋಟೋವನ್ನೂ ತೆಗೆದುಕೊಂಡು, "ಅಪ್ಪಾ, ನಲ್ಲೀಲಿ ನೀರು ಬರ್ತಿಲ್ಲ" ಎಂದಳು.

ಮೋಟಾರು ಕೈಕೊಟ್ಟಿತ್ತು. ಗಂಡಸಾದವನಿಗೆ ಮೋಟಾರಿನ ವಿಷಯ ಗೊತ್ತಿರುತ್ತದೆ ಎಂದು ನಮ್ಮ ಸಮಾಜ ಹೇಗೋ ನಂಬಿಕೊಂಡಿದೆ. ಆ ನಂಬಿಕೆಯನ್ನು ನಾನು ಕಾಪಾಡಿಕೊಂಡು ಬಂದಿದ್ದೇನೆ. ಪ್ಯಾನಲ್ ಬೋರ್ಡಿನ ಮುಂದೆ ನಿಂತು ಹಸಿರು ಗುಂಡಿ ಒತ್ತಿದೆ, ಕೆಂಪು ಗುಂಡಿ ಒತ್ತಿದೆ, ಕಿವಿಯಿಟ್ಟು ಕೇಳಿದೆ, "ಹೂಂ" ಎಂದೆ. ಈ ನಾಲ್ಕರಾಚೆ ನನ್ನ ವಿದ್ಯೆ ಹೋಗುವುದಿಲ್ಲ. ಆಮೇಲೆ ಮೆಕ್ಯಾನಿಕ್ಕನಿಗೆ ಫೋನು ಹಚ್ಚಿದರೆ ಆ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. "ಸಾರ್, ಸಬ್‌ಮರ್ಸಿಬಲ್ ಸುಟ್ಟಿರ್ಬೇಕು. ಮೇಲೆತ್ತಿ ವೈಂಡಿಂಗ್ ಮಾಡಿಸ್ಬೇಕು. ನಾನು ಊರಿಗೆ ಹೊರಟಿದೀನಿ. ಹಬ್ಬ ಮುಗಿಸ್ಕೊಂಡು ಬರ್ತೀನಿ. ಹ್ಯಾಪಿ ದೀಪಾವಳಿ ಸಾರ್." ಟ್ಯಾಂಕರಿನವರಿಗೆ ಫೋನು ಮಾಡಿದೆ. ಟ್ಯಾಂಕರ್ ಇದೆಯಂತೆ, ಡ್ರೈವರ್ ಇಲ್ಲವಂತೆ. ಅವರೆಲ್ಲರಿಗೂ ಅಮ್ಮಂದಿರಿದ್ದರು, ಅವರ ಮನೆಗಳಲ್ಲೂ ಹಂಡೆಗಳಿದ್ದವು. ಸಿಟ್ಟು ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ.

ಸೋಲಾರಿನಲ್ಲಿ ಬಿಸಿನೀರಾದರೂ ಇದ್ದೇ ಇರುತ್ತದಲ್ಲ ಎಂದು ಸಮಾಧಾನ ಹೇಳಿದೆ. ಇದ್ದಿದ್ದೇನೋ ನಿಜ. ಆದರೆ ಸೋಲಾರಿನ ಸಂಸಾರ ನಡೆಯುವುದು ಹೀಗೆ: ಮೇಲಿನ ಟ್ಯಾಂಕಿನಿಂದ ತಣ್ಣೀರು ಬಂದು ಕೆಳಗಿನಿಂದ ತಳ್ಳಿದರೆ ಮಾತ್ರ ಬಿಸಿನೀರು ಮೇಲಿಂದ ಎದ್ದು ಹೊರಗೆ ಬರುತ್ತದೆ. ಟ್ಯಾಂಕು ಒಣಗಿದರೆ ಬಿಸಿನೀರು ಇದ್ದಲ್ಲೇ ಬೆಚ್ಚಗೆ ಕೂತಿರುತ್ತದೆ. ತಾರಸಿಯ ಮೇಲೆ ಕೊಳವೆ ತುಂಬ ಬಿಸಿನೀರು, ಕೆಳಗೆ ನಲ್ಲಿಯಲ್ಲಿ ಬರೀ ಗಾಳಿ. ಇದನ್ನು ಅಮ್ಮನಿಗೆ ವಿವರಿಸುವಷ್ಟರಲ್ಲಿ ನನಗೇ ಗೊಂದಲವಾಯಿತು. ಅವಳು, "ತಣ್ಣೀರಿಲ್ದೆ ಬಿಸಿನೀರು ಎಲ್ಲಾದ್ರೂ ಉಂಟೇನೋ?" ಎಂದು ಒಂದೇ ಮಾತಿನಲ್ಲಿ ಪಾಠ ಮುಗಿಸಿದಳು.

ನನಗೊಂದು ಚಾಳಿಯಿದೆ. ಮನೆಗೆ ಕಷ್ಟ ಬಂದಾಗ ಆ ಕಷ್ಟದ ಇತಿಹಾಸ ಹೇಳಲು ಕೂರುತ್ತೇನೆ. ಹೆಂಡತಿ ಮನೆಯಲ್ಲಿದ್ದ ಬಕೆಟ್ಟು, ಡ್ರಮ್ಮು, ವಾಟರ್ ಫಿಲ್ಟರಿನ ಹೊಟ್ಟೆ ಎಲ್ಲ ತಡಕಿ ಎಷ್ಟು ನೀರಿದೆ ಎಂದು ನೋಡುತ್ತಿದ್ದರೆ ನಾನು ಮಗಳಿಗೆ ಹೇಳುತ್ತಿದ್ದೆ: "ಈ ಊರಿನ ಹತ್ತಿರ ದೊಡ್ಡ ಹೊಳೆ ಅಂತ ಒಂದಿಲ್ಲ, ನೋಡು. ಕೆರೆ, ಬಾವಿ, ಕಲ್ಯಾಣಿಗಳನ್ನು ನಂಬಿ ಬೆಳೆದ ಊರು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಅದು ಸಾಲದಾಗಿ 1933ರಲ್ಲಿ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯ. ಅದೂ ಸಾಲದೆ 1974ರಲ್ಲಿ ಕಾವೇರಿ. ಕಾವೇರಿ ಏನು ಪಕ್ಕದಲ್ಲಿದ್ದಾಳಾ? ನೂರು ಕಿಲೋಮೀಟರ್ ದೂರ. ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ ಪಂಪು ಮಾಡಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿಸಿ ತರ್ತಾರೆ. ಸಮುದ್ರದ ಕಡೆ ತನ್ನ ಪಾಡಿಗೆ ಇಳಿದು ಹೋಗ್ತಿದ್ದವಳನ್ನು ನಡುದಾರೀಲಿ ನಿಲ್ಲಿಸಿ, ಬೆಟ್ಟ ಹತ್ತು ಬಾ ಅಂದ ಹಾಗೆ."

"ನಮ್ಮನೆಗೆ ಬಂದಿಲ್ವಲ್ಲ" ಎಂದಳು ಮಗಳು.

ಬಂದಿರಲಿಲ್ಲ. ಆದರೆ ದಾರಿಯಲ್ಲಿದ್ದಳು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಈ ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು ಅದೇ ತಿಂಗಳು 16ಕ್ಕೆ. ಮರುದಿನ ತಲಕಾವೇರಿಯಲ್ಲಿ ತೀರ್ಥೋದ್ಭವ. ಅಮ್ಮ ಎರಡನ್ನೂ ಟಿ.ವಿ.ಯಲ್ಲಿ ನೋಡಿ ಎರಡಕ್ಕೂ ಕೈ ಮುಗಿದಿದ್ದಳು. ನಮ್ಮ ಬೀದಿಯಲ್ಲಿ ಪೈಪು ಹೂತಾಗಿತ್ತು. ನೀರು ಹರಿಯುವುದಕ್ಕೆ ನಮ್ಮ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೇ. ವಿಚಿತ್ರ ವರ್ಷ ಅದು. ಬೇಸಿಗೆಯಲ್ಲಿ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಆದೇಶವಾಗಿತ್ತು. ಅಕ್ಟೋಬರ್ ಮಳೆಗೆ ಯಲಹಂಕದ ಕಡೆ ಅಪಾರ್ಟ್‌ಮೆಂಟಿನವರನ್ನು ದೋಣಿಯಲ್ಲಿ ಕೂರಿಸಿ ಹೊರಗೆ ತಂದಿದ್ದರು. ದಂಡ ಕಟ್ಟುವ ಯೋಗವೂ ಇಲ್ಲ, ದೋಣಿ ಹತ್ತುವ ಯೋಗವೂ ಇಲ್ಲ. ನಮ್ಮ ಪಾಲಿಗೆ ಬಂದದ್ದು ಸುಟ್ಟ ಮೋಟಾರು.

ಇಷ್ಟು ಹೊತ್ತಿಗೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳದು ಸಾಗರದ ಕಡೆ. ಅಲ್ಲಿ ನೀರಿಗೆ ಬರ ಎನ್ನುವುದನ್ನು ಕೇಳಿ ಗೊತ್ತೇ ಹೊರತು ಕಂಡು ಗೊತ್ತಿಲ್ಲ. ನಾನು ಹೊಸ ಅಳಿಯನಾಗಿ ಮೊದಲ ದೀಪಾವಳಿಗೆ ಹೋದಾಗ, ಗುಡ್ಡದ ಒರತೆಯ ಅಬ್ಬಿ ನೀರು ಸೀಳಿದ ಅಡಿಕೆಮರದ ದೋಣಿಯಲ್ಲಿ ಹರಿದು ಬಂದು ಬಚ್ಚಲ ಪಕ್ಕದ ತೊಟ್ಟಿಗೆ ಹಗಲೂ ರಾತ್ರಿ ಸುರಿಯುತ್ತಿತ್ತು. ಪೇಟೆಯ ಬುದ್ಧಿ ಕೇಳಬೇಕಲ್ಲ, ರಾತ್ರಿ ಎದ್ದು ಹೋಗಿ ಅದನ್ನು ನಿಲ್ಲಿಸುವ ತಿರುಪು ಎಲ್ಲಿದೆ ಎಂದು ಟಾರ್ಚು ಬಿಟ್ಟು ಹುಡುಕಿದ್ದೆ. ಬೆಳಿಗ್ಗೆ ಅಡಿಕೆಸಿಪ್ಪೆಯ ಬೆಂಕಿಯಲ್ಲಿ ಕಾದ ನೀರು. ಬಚ್ಚಲ ಬಾಗಿಲಲ್ಲಿ ಸಣ್ಣ ಸೌತೆಯಂಥ ಒಂದು ಹಿಂಡಲೆಕಾಯಿ ಇಟ್ಟು, ಕಾಲಲ್ಲಿ ಮೆಟ್ಟಿ ಒಡೆದು ಒಳಗೆ ಹೋಗಬೇಕು ಎಂದರು. ಅದೇ ನರಕಾಸುರ. ಅಳಿಯನ ಪರಾಕ್ರಮ ನೋಡಲು ಮನೆಮಂದಿಯೆಲ್ಲ ನೆರೆದಿದ್ದರು. ಮೆಟ್ಟಿದೆ. ಅಸುರ ಜಾರಿ ಒಲೆಯ ಕಡೆ ಉರುಳಿಹೋದ. ಎರಡನೇ ಸಲ ಮೆಟ್ಟಿದೆ. ನಾನೇ ಜಾರಿದೆ. ಕೊನೆಗೆ ಮಾವನವರ ಏಳು ವರ್ಷದ ಮೊಮ್ಮಗ ಬಂದು ಒಂದೇ ಏಟಿಗೆ ಅವನ ಕತೆ ಮುಗಿಸಿದ. ಆಮೇಲೆ ಅಜ್ಜಿಯೊಬ್ಬರು ನನಗೆ ಹಾಕಿದ ಎಣ್ಣೆ, ಸುರಿದ ಬಿಸಿನೀರು, ಮೇಲೆ ತಿನ್ನಿಸಿದ ಹೋಳಿಗೆ, ಇವುಗಳ ದೆಸೆಯಿಂದ ಗೋಪೂಜೆಗೆ ದನಗಳ ಕೊರಳಿಗೆ ಅಡಿಕೆ ಹಾರ ಹಾಕುವ ಹೊತ್ತಿನಲ್ಲಿ ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದೆನಂತೆ. ಒಂದು ಹಾರ ನನ್ನ ಕೊರಳಿಗೂ ಬಿತ್ತೆಂದು ಹೆಂಡತಿಯ ತಂಗಿಯರು ಇವತ್ತಿಗೂ ಹೇಳುತ್ತಾರೆ. ಸಾಕ್ಷ್ಯವಿಲ್ಲ.

ಎಲ್ಲಿದ್ದೆ? ಹಾಂ, ಹೆಂಡತಿ ನಗುತ್ತಿದ್ದಳು. "ನಮ್ಮ ಕಡೆ ಈ ಹಬ್ಬದ ರಾತ್ರಿ ಹುಡುಗರು ಬೂರೆ ಮಾಡ್ತಾರೆ ಕಣ್ರೀ. ಯಾರ ತೋಟದ್ದಾದ್ರೂ ಎಳನೀರು, ಸೌತೆಕಾಯಿ ಕದೀಬಹುದು. ಯಾರೂ ಏನೂ ಅನ್ನೋ ಹಾಗಿಲ್ಲ. ನಾವೂ ಇವತ್ತು ಯಾರ ಸಂಪಿಗಾದ್ರೂ ಕೈ ಹಾಕೋಣ" ಎಂದಳು. ಮಗಳು ಬಕೆಟ್ ಹಿಡಿದು ಸಿದ್ಧವಾಗಿಯೇ ನಿಂತಳು. ಅಮ್ಮ ಗದರಿದಳು: "ಕದಿಯೋದ್ಯಾಕೆ? ಕೇಳಿ. ನೀರು ಕೇಳಿದ್ರೆ ಇಲ್ಲ ಅನ್ನೋರು ಯಾರಿದಾರೆ?"

ನನಗೆ ನಾಚಿಕೆ. ಈ ಬೀದಿಗೆ ಬಂದು ಇಷ್ಟು ವರ್ಷವಾದರೂ ಅಕ್ಕಪಕ್ಕದವರ ಜೊತೆ ನನ್ನ ಸಂಬಂಧ ಕಾರು ನಿಲ್ಲಿಸುವ ಜಾಗದ ವಿಷಯಕ್ಕೆ ಸೀಮಿತ. ಅದೂ ಸಿಹಿಯಾದ ಸಂಬಂಧವಲ್ಲ. ಅವರ ಬಾಗಿಲು ತಟ್ಟಿ ಬಿಂದಿಗೆ ನೀರು ಕೊಡಿ ಅನ್ನುವುದು ಹೇಗೆ? ಹೇಗೆ ಎನ್ನುವುದನ್ನು ನಾನು ಯೋಚಿಸುತ್ತಿರುವಾಗಲೇ ಅಮ್ಮ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಹಾದು ಹೋಗುವವರಿಗೆಲ್ಲ, "ನಮ್ಮನೇಲಿ ಮೋಟಾರ್ ಸುಟ್ಟೋಗಿದೆ. ಇವತ್ತು ನೀರು ತುಂಬೋ ಹಬ್ಬ, ನೋಡಿ" ಎಂದು ವರದಿ ಒಪ್ಪಿಸಲು ಶುರು ಮಾಡಿದ್ದಳು. ಬೇಡಿದ್ದಲ್ಲ, ಸುದ್ದಿ ಹೇಳಿದ್ದು.

ಮೊದಲು ಬಂದವರು ಎದುರು ಮನೆಯವರು. ಕೋಲಾರದ ಕಡೆಯವರು. ಸಾವಿರ ಅಡಿ ದಾಟಿ ಕೊರೆದರೂ ಧೂಳೇ ಬರುವುದನ್ನು ಕಂಡ ಜನ. ಅವರ ಮನೆಯಲ್ಲಿ ನೀರನ್ನು ನಾವು ತುಪ್ಪ ಬಡಿಸುವಷ್ಟು ಎಚ್ಚರದಿಂದ ಬಳಸುತ್ತಾರೆ. ಅದೇ ಮನೆಯಿಂದ ಎರಡು ದೊಡ್ಡ ಬಿಂದಿಗೆ ಬಂತು. ಪಕ್ಕದ ಗದಗಿನ ನಿವೃತ್ತ ಮೇಷ್ಟ್ರು ಕೊಡ ಹೊತ್ತುಕೊಂಡೇ ಬಂದರು. "ತಗೋರ್ರಿ, ನೀರಿಗೆ ಯಾಕ ಇಷ್ಟು ಸಂಕೋಚ ಮಾಡ್ತೀರಿ?" ಅವರ ಮನೆಯವರು ಹಿಂದೆಯೇ ಬಂದು ಅಮ್ಮನ ಪಕ್ಕ ಕೂತರು. ಅವರದು ಬೇರೆ ತಲೆನೋವು. ಪಾಡ್ಯದ ದಿನ ಅವರಲ್ಲಿ ಸಗಣಿಯ ಪಾಂಡವರನ್ನು ಮಾಡಿ ಇಡಬೇಕು. ಬೆಂಗಳೂರಿನಲ್ಲಿ ಸಗಣಿ ಎಲ್ಲಿ? ಮೊಬೈಲಿನಲ್ಲಿ ತರಿಸಿದರೆ ಒಣ ಬೆರಣಿ ಪ್ಲಾಸ್ಟಿಕ್ಕಿನಲ್ಲಿ ಬಂದಿದೆ, ಅದರಲ್ಲಿ ಧರ್ಮರಾಯನನ್ನು ತಟ್ಟುವುದು ಹೇಗೆ? ಇದಕ್ಕೆ ಅಮ್ಮ ಹಿಂದಿನ ಬೀದಿಯಲ್ಲಿ ಹಸು ಕಟ್ಟಿರುವ ಮನೆಯೊಂದರ ವಿಳಾಸ ಕೊಟ್ಟಳು. ಆ ವಿಳಾಸ ನನಗೆ ಗೊತ್ತಿರಲಿಲ್ಲ. ಹಾಲು ಪ್ಯಾಕೆಟ್ಟಿನಿಂದ ಬರುತ್ತದೆ ಎನ್ನುವಲ್ಲಿಗೆ ನನ್ನ ಭೂಗೋಳ ಮುಗಿಯುತ್ತದೆ. ಕೊನೆಯಲ್ಲಿ ಪಿ.ಜಿ.ಯ ಹುಡುಗರು ಬಂದರು. ರಜೆಗೆ ಊರಿಗೆ ಹೋಗಲು ಟಿಕೆಟ್ಟು ಸಿಗದೆ ಉಳಿದವರು, ಒಡಿಶಾವೋ ಬಿಹಾರವೋ. ಅಮ್ಮನ ಕನ್ನಡ ಅವರಿಗೆ ಅರ್ಥವಾಗಿರಲಿಲ್ಲ. ಆದರೆ ಹಂಡೆಯನ್ನು ನೋಡಿದ್ದರು. ಇಪ್ಪತ್ತು ಲೀಟರಿನ ಕ್ಯಾನೊಂದನ್ನು ಹೆಗಲ ಮೇಲೆ ಹೊತ್ತು ತಂದು ಮೆಟ್ಟಿಲ ಮೇಲಿಟ್ಟು, "ಆಂಟಿ, ಪಾನಿ" ಎಂದರು.

ಕೆಂಪು ಬಕೆಟ್ಟು, ನೀಲಿ ಬಕೆಟ್ಟು, ಸ್ಟೀಲು, ಹಿತ್ತಾಳೆ, ಪ್ಲಾಸ್ಟಿಕ್ಕು, ಎಲ್ಲ ಸಾಲಾಗಿ ನಿಂತವು. ಅಮ್ಮ ಪ್ರತಿಯೊಂದರಿಂದಲೂ ಹಂಡೆಗೆ ಒಂದಿಷ್ಟು ಸುರಿಸಿದಳು. ಯಾರದ್ದನ್ನೂ ಬಿಡುವ ಹಾಗಿಲ್ಲ. ತಾತನ ಹೆಸರಿನ ಮಟ್ಟಕ್ಕೆ ನೀರು ಬಂದಾಗ ಸಾಕು ಎಂದಳು. ಹೂ ಮುಡಿಸಿ, ಕುಂಕುಮ ಇಟ್ಟು, ಆರತಿ ಎತ್ತಿ, ನಮ್ಮೆಲ್ಲರಿಂದ ನಮಸ್ಕಾರ ಮಾಡಿಸಿದಳು. ಪ್ರತಿ ವರ್ಷ ಮಾಡುವ ನಮಸ್ಕಾರವೇ. ಆದರೆ ಪ್ರತಿ ವರ್ಷ ನಾನು ತಲೆ ಬಗ್ಗಿಸುವುದು ಹಂಡೆಗೆ, ಮನಸ್ಸು ಇರುವುದು ಸೋಲಾರಿನಲ್ಲಿ. ಈ ಸಲ ಮನಸ್ಸಿಗೆ ಬೇರೆ ಜಾಗವಿರಲಿಲ್ಲ. ನಾಳೆಯ ಸ್ನಾನ ನಿಜವಾಗಿಯೂ ಆ ಹಂಡೆಯಲ್ಲೇ ಇತ್ತು. ಎದುರು ಮನೆಯವರ ಬಿಂದಿಗೆಯ ಪಾಲೆಷ್ಟು, ಮೇಷ್ಟ್ರ ಕೊಡದ ಪಾಲೆಷ್ಟು ಎಂದು ನೀರಿನೊಳಗೆ ಗೆರೆ ಎಳೆದು ಹೇಳುವಂತಿರಲಿಲ್ಲ. ಹಂಡೆಗೆ ಕೈ ಮುಗಿದರೆ ಎಲ್ಲರಿಗೂ ಒಟ್ಟಿಗೆ ಮುಗಿದ ಹಾಗೆ. ಬಾಗಿಲು ಬಾಗಿಲಿಗೆ ಹೋಗಿ ಉಪಕಾರವಾಯಿತು ಎಂದು ಹೇಳಲು ನಾಲಿಗೆ ಏಳದ ನನ್ನಂಥ ಸಂಕೋಚದ ಮುದ್ದೆಗಳಿಗಾಗಿಯೇ ಯಾರೋ ಹಿರಿಯರು ಈ ಪೂಜೆ ಮಾಡಿಟ್ಟಿರಬೇಕು.

ಬೆಳಗಿನ ಜಾವ ತಮ್ಮನ ಸಂಸಾರವೂ ಬಂದಿಳಿಯಿತು. ನೀರು ಕಾಯಿಸುವುದು ಎಲ್ಲಿ? ತಾರಸಿಯ ಮೇಲೆ ಇಟ್ಟಿಗೆಯ ಒಲೆ ಹೂಡಿದೆವು. ಚಿಕ್ಕಮಗಳೂರಿನ ಶಿಬಿರಾಗ್ನಿ ಕೈತಪ್ಪಿದ ಮಕ್ಕಳಿಗೆ ಇದೇ ಶಿಬಿರಾಗ್ನಿ. ಅಮ್ಮ ವರ್ಷವಿಡೀ ಕೂಡಿಟ್ಟ ತೆಂಗಿನ ಚಿಪ್ಪು, ಸೋಗೆ, ಜೊತೆಗೆ ಹಂಡೆಯೊಳಗಿಂದ ಹೊರಬಿದ್ದಿದ್ದ ಹಳೇ ಪೇಪರು. ಬೆಂಕಿ ಹಚ್ಚಲು ಪೇಪರು ಹರಿಯುವಾಗ ನನ್ನದೇ ಹಳೆಯ ಪ್ರಬಂಧವೊಂದು ಕೈಗೆ ಬಂತು. ಅದನ್ನು ಎತ್ತಿಡಬೇಕೆನ್ನುವಷ್ಟರಲ್ಲಿ ತಮ್ಮ ಒಲೆಗೆ ತುರುಕಿದ. ಚೆನ್ನಾಗಿ ಹೊತ್ತಿಕೊಂಡಿತು ಎಂದು ಮೆಚ್ಚಿದ. ನನ್ನ ಬರಹದಲ್ಲಿ ಕಾವು ಸಾಲದು ಎಂದು ಹಿಂದೆ ಯಾರೋ ಬರೆದಿದ್ದರು.

ನೀರು ಕಾಯುವವರೆಗೆ ಎಣ್ಣೆಶಾಸ್ತ್ರ. ಮಣೆಗಳ ಮೇಲೆ ಸಾಲಾಗಿ ಕೂತೆವು. ಹೊರಗೆ ಇನ್ನೂ ಕತ್ತಲೆ. ಅಮ್ಮ ಗರಿಕೆಯನ್ನು ಎಣ್ಣೆಗೆ ಅದ್ದಿ ಒಬ್ಬೊಬ್ಬರ ನೆತ್ತಿಗೂ ಮುಟ್ಟಿಸುತ್ತ, ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಏಳು ಚಿರಂಜೀವಿಗಳ ಹೆಸರು ಹೇಳುತ್ತಾಳೆ. ಅವರ ಹಾಗೆ ಬಾಳಲಿ ಎಂದು. ಅಶ್ವತ್ಥಾಮನ ಹಾಗೆ ಬಾಳುವುದು ಅಂಥ ಸುಖವೇನಲ್ಲ ಎಂದು ತಮ್ಮ ಪ್ರತಿ ವರ್ಷ ತಕರಾರು ತೆಗೆಯುತ್ತಾನೆ. ಪ್ರತಿ ವರ್ಷ ತಲೆಗೆ ಮೊಟಕಿಸಿಕೊಳ್ಳುತ್ತಾನೆ. ನನ್ನ ಸರದಿ ಬಂದಾಗ ಅಮ್ಮ ನೆತ್ತಿಯ ಮೇಲೆ ಎಣ್ಣೆ ಸುರಿದು ತಟ್ಟುತ್ತ, "ಎಣ್ಣೆ ನಿಲ್ಲೋಕೆ ಒಂದಾದ್ರೂ ಕೂದಲು ಉಳಿಸ್ಕೊಂಡಿದ್ರೆ ಆಗ್ತಿತ್ತಲ್ಲೋ" ಎಂದಳು. ಆ ಕೈ ಈಗ ಸ್ವಲ್ಪ ನಡುಗುತ್ತದೆ. ತಟ್ಟುವ ತಾಳ ಮಾತ್ರ ಬದಲಾಗಿಲ್ಲ. ಅರವತ್ತಕ್ಕೆ ಹತ್ತಿರ ಬಂದವನ ತಲೆಗೆ ಎಣ್ಣೆ ಒತ್ತುವವರು ಮನೆಯಲ್ಲಿರುವುದು ಎಂಥ ಸಂಪತ್ತು ಎನ್ನುವುದು ಹೋಂಸ್ಟೇಯಲ್ಲಿ ಹೊಳೆಯುತ್ತಿರಲಿಲ್ಲವೇನೋ. ಅಲ್ಲಿ ಅದಕ್ಕೆ ಬೇರೆ ದರಪಟ್ಟಿ ಇರುತ್ತದೆ.

ಆದರೆ ಹಚ್ಚಿದ ಎಣ್ಣೆ ಹೋಗಬೇಕಲ್ಲ? ಸೀಗೆಪುಡಿ ಹಾಕಿ ತಲೆಯೆರೆದು ಎಣ್ಣೆ ತೆಗೆಯಲು ಒಬ್ಬೊಬ್ಬರಿಗೂ ನಾಲ್ಕು ಬಕೆಟ್ಟಾದರೂ ಬೇಕು. ಅಮ್ಮನ ಪಡಿತರದಲ್ಲಿ ಸಿಕ್ಕಿದ್ದು ತಲಾ ಒಂದೂವರೆ. ಅರ್ಧ ಎಣ್ಣೆ ಹೋಯಿತು, ಅರ್ಧ ಉಳಿಯಿತು, ಸೀಗೆಪುಡಿ ಪೂರ್ತಿ ಉಳಿಯಿತು. ಹೊಸ ಬಟ್ಟೆ ತೊಟ್ಟು ಫೋಟೋಗೆ ನಿಂತಾಗ ನಮ್ಮ ಕುಟುಂಬದ ಮುಖಗಳು ಆ ಮಟ್ಟಿಗೆ ಹಿಂದೆಂದೂ ಹೊಳೆದಿರಲಿಲ್ಲ. ಆ ಫೋಟೋ ನೋಡಿದ ಬಂಧುಗಳೆಲ್ಲ ಮುಖದಲ್ಲಿ ಏನು ಕಳೆ, ಹಬ್ಬ ಜೋರಾಗಿ ನಡೆದಿರಬೇಕು ಎಂದು ಬರೆದರು. ಅವರಿಗೆ ನಾವು ನಿ‍ಜ ಹೇಳಲಿಲ್ಲ.

ಊಟಕ್ಕೂ ನೀರಿನದೇ ಲೆಕ್ಕಾಚಾರ. ಎಷ್ಟು ಪಾತ್ರೆ ತೊಳೆಯಲು ಸಾಧ್ಯವೋ ಅಷ್ಟೇ ಅಡುಗೆ ಎಂದು ಹೆಂಡತಿ ಘೋಷಿಸಿದಳು. ಎಂದೂ ಹದಿನಾರು ಬಗೆಗೆ ಇಳಿಯದ ಹಬ್ಬದೂಟ ಬಾಳೆಎಲೆಯ ಮೇಲೆ ಅನ್ನ, ತೊವ್ವೆ, ಒಂದು ಕೋಸಂಬರಿ, ಕಜ್ಜಾಯಕ್ಕೆ ನಿಂತಿತು. ಕಜ್ಜಾಯದ ಹಿಟ್ಟಿಗೆ ಬೆಲ್ಲದ ಪಾಕ ಹಿಡಿದು ಮೂರ್ನಾಲ್ಕು ದಿನ ಮುಂಚೆಯೇ ಕಲಸಿಟ್ಟಿದ್ದರಿಂದ ಅದು ಬಚಾವು. ಬಿಸಿ ಕಜ್ಜಾಯದ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಎಲ್ಲರೂ ನೆಲದ ಮೇಲೆ ಕೂತೆವು. ಬಡಿಸಲು ಹೆಚ್ಚೇನೂ ಇಲ್ಲದ್ದರಿಂದ ಬಡಿಸುವವರೂ ಜೊತೆಗೇ ಕೂತರು. ನನ್ನ ಹೆಂಡತಿ, ತಮ್ಮನ ಹೆಂಡತಿ ಹಬ್ಬದ ದಿನ ಮೊದಲ ಪಂಕ್ತಿಯಲ್ಲಿ ಕೂತಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. "ಪ್ರತಿ ವರ್ಷ ಮೋಟಾರ್ ಸುಟ್ಟೋಗ್ಲಿ" ಎಂದಳು ತಮ್ಮನ ಹೆಂಡತಿ, ಎರಡನೇ ಕಜ್ಜಾಯಕ್ಕೆ ಕೈ ಚಾಚುತ್ತ. ಅವಳ ಮಾತು ನಗೆಯಲ್ಲಿ ತೇಲಿಹೋಯಿತು. ತೇಲಿಹೋಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಬಲಿಪಾಡ್ಯಮಿಯ ದಿನ, ವರ್ಷಕ್ಕೊಮ್ಮೆ ತನ್ನ ಜನ ಸುಖವಾಗಿದ್ದಾರೆಯೇ ಎಂದು ನೋಡಲು ಬಲಿ ಚಕ್ರವರ್ತಿ ಭೂಮಿಗೆ ಬರುವ ಹೊತ್ತಿಗೆ, ನಮ್ಮ ಮನೆಯ ಸಮಸ್ಯೆ ಬೇರೆ ಸ್ವರೂಪ ತಾಳಿತ್ತು. ಬೀದಿಯವರ ಪಾತ್ರೆಗಳನ್ನು ವಾಪಸು ಮಾಡಬೇಕಿತ್ತು. ಮಾಡಿದರಾಯಿತು ಎಂದು ನಾನು ಎರಡು ಬಿಂದಿಗೆ ಎತ್ತಿಕೊಂಡು ಹೊರಟರೆ ಅಮ್ಮ ತಡೆದಳು. ಇನ್ನೊಬ್ಬರ ಮನೆಯ ಪಾತ್ರೆ ಖಾಲಿ ಹೋಗಬಾರದು. ಅದರಲ್ಲೂ ಹಬ್ಬದ ದಿನ.

ಸಾಮಾನ್ಯವಾಗಿ ಈ ನಿಯಮ ಅನ್ವಯಿಸುವುದು ಸಕ್ಕರೆ ತಂದ ಬಟ್ಟಲಿಗೆ, ಹುಳಿ ಬಂದ ಡಬ್ಬಿಗೆ. ಬಕೆಟ್ಟಿಗೆ, ಕೊಡಕ್ಕೆ ಅದನ್ನು ಅನ್ವಯಿಸಿದರೆ ಮನೆಯಲ್ಲಿ ಏನುಳಿಯುತ್ತದೆ? ಮಕ್ಕಳು ಕಣ್ಣೀರಿಡುವುದೊಂದು ಬಾಕಿ, ಕಜ್ಜಾಯಗಳು ಎಲೆ ಹಾಸಿದ ಬಕೆಟ್ಟುಗಳ ತಳಕ್ಕೆ ಇಳಿದವು. ಚಕ್ಕುಲಿಗಳು ಬಿಂದಿಗೆಯ ಬಾಯಲ್ಲಿ ನುಗ್ಗಿದವು. ಮೇಷ್ಟ್ರು ಕೊಡದೊಳಗೆ ಇಣುಕಿ ನೋಡಿ, "ಇದೇನ್ರಿ, ನಾ ನೀರು ಕೊಟ್ಟಿದ್ದೆ" ಎಂದು ಗಂಭೀರವಾಗಿ ಕೇಳಿದರು. ಎದುರು ಮನೆಯವರು ಒಳಗೆ ಕರೆದು ಕೂರಿಸಿದರು. ಕಾರು ನಿಲ್ಲಿಸುವ ಜಾಗದ ಮಾತು ಎರಡೂ ಕಡೆಯಿಂದ ಬರಲಿಲ್ಲ.

ಉಳಿದಿದ್ದು ಪಿ.ಜಿ. ಹುಡುಗರ ಕ್ಯಾನು. ಅದರ ಬಾಯಿ ಅಂಗೈಯಗಲವೂ ಇಲ್ಲ. ಕಜ್ಜಾಯ ಹೋಗದು, ಚಕ್ಕುಲಿ ಹೋಗದು. ಮುರಿದು ಹಾಕೋಣ ಎಂದೆ. ಕೊಡುವುದನ್ನು ಯಾರಾದರೂ ಮುರಿದು ಕೊಡುತ್ತಾರೆಯೇ ಎಂದು ಬೈಸಿಕೊಂಡೆ. ತಟ್ಟೆಯಲ್ಲಿ ಬೇರೆ ಕೊಡೋಣ ಎಂದಳು ಮಗಳು. ಆಗ ಕ್ಯಾನು ಖಾಲಿ ಹೋದ ಹಾಗಾಯಿತಲ್ಲ ಎಂದಳು ಅಮ್ಮ. ಕೊನೆಗೆ ಅವಳೇ ಒಳಗೆ ಹೋಗಿ ರವೆಉಂಡೆಯ ಡಬ್ಬಿ ತಂದಳು. ಒಂದನ್ನು ಬಾಯಿಗಿಟ್ಟು ನೋಡಿದಳು, ಕ್ಯಾನಿನ ಬಾಯಿಗೆ. ಸರಿಯಾಗಿ ಹಿಡಿಯಿತು. ಒಂದೊಂದಾಗಿ ಒಳಗೆ ಇಳಿಸಿದಳು. ಡಬ್, ಡಬ್ ಎಂದು ಬಿದ್ದವು.

"ಅಜ್ಜಿ, ಅವರು ಇದನ್ನ ಹೊರಗೆ ತೆಗೆಯೋದು ಹೇಗೆ?" ಎಂದಳು ಮಗಳು.

"ಹಾಕೋದಷ್ಟೇ ನಮ್ಮ ಕೆಲಸ ಕಣೇ. ತೆಗೆಯೋದು ಅವರದು. ಇಂಜಿನಿಯರುಗಳಲ್ವೇನೇ ಅವರು?"

ಅಂದು ಸಂಜೆ ಪಿ.ಜಿ.ಯ ತಾರಸಿಯ ಮೇಲೆ ನಾಲ್ಕೈದು ಹುಡುಗರು ಕ್ಯಾನನ್ನು ತಲೆಕೆಳಗಾಗಿ ಹಿಡಿದು ಬಡಿಯುತ್ತಿದ್ದರು. ಒಬ್ಬ ಕೆಳಗೆ ಬಾಯಿ ತೆರೆದು ನಿಂತಿದ್ದ. ನಮ್ಮನ್ನು ಕಂಡು ಕೈ ಬೀಸಿ ಏನೋ ಕೂಗಿದ. ಬಾಯಿ ತುಂಬಿದ್ದರಿಂದ ಯಾವ ಭಾಷೆ ಎಂದು ತಿಳಿಯಲಿಲ್ಲ.